ಉಲುರು ಸಂಸ್ಕೃತಿ ಕೇಂದ್ರ: ಎರಡು ಬಗೆಯ ಮೌನ

೧

ಒಂದು ಬೆಟ್ಟದ ಚರಿತ್ರೆಯನ್ನು ಬರೆಯಹೊರಟವನಿಗೆ ಕನ್ನಡನಾಡಿನಲ್ಲಿ ಆಕರಗಳ ಕೊರತೆಯಿಲ್ಲ. ಸ್ಥಳಪುರಾಣವಿರುತ್ತದೆ, ಶಾಸನವಿರುತ್ತದೆ, ಕೈಫಿಯತ್ತಿರುತ್ತದೆ, ಊರವರ ಬಾಯಲ್ಲಿ ಐತಿಹ್ಯವಿರುತ್ತದೆ. ಇವು ಒಂದನ್ನೊಂದು ಒಪ್ಪದಿದ್ದಾಗ ಎದುರುಬದುರಾಗಿಟ್ಟು ತೂಗಿನೋಡಿ ನಿರ್ಣಯಕ್ಕೆ ಬರುವುದು ನಮಗೆ ಕಲಿಸಲಾದ ವಿಧಾನ. ಈ ವಿಧಾನದ ಬೆನ್ನಿಗೆ ಒಂದು ನಂಬಿಕೆಯಿದೆ. ಆಕರವೆಂಬುದು ಇದ್ದಲ್ಲಿ ಅದು ಎಲ್ಲರಿಗೂ ತೆರೆದುಕೊಳ್ಳತಕ್ಕದ್ದು. ಓಲೆಗರಿಯ ಕಟ್ಟನ್ನು ಬಿಚ್ಚಲೊಲ್ಲದ ಮನೆತನವಾಗಲಿ ಮಠವಾಗಲಿ ವಿದ್ಯೆಗೆ ಅಡ್ಡಿಯಾಗಿದೆ ಎಂಬುದೇ ಆ ನಂಬಿಕೆ. ಹಸ್ತಪ್ರತಿಗಳನ್ನು ಹುಡುಕಿ ಅಲೆದ ದಿನಗಳಲ್ಲಿ ನಾವೂ ಇದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದೆವು.

ಆಸ್ಟ್ರೇಲಿಯಾ ಖಂಡದ ನಡುಭಾಗದಲ್ಲಿ, ಉಲುರು–ಕತ ಚುಟ ರಾಷ್ಟ್ರೀಯ ಉದ್ಯಾನದೊಳಗೆ ಆ ನೆಲದ ಮೂಲನಿವಾಸಿಗಳ ಸಂಸ್ಕೃತಿ ಕೇಂದ್ರವೊಂದಿದೆ. ಅಲ್ಲಿ ಕಳೆದ ಎರಡು ದಿನಗಳು ಮೇಲೆ ಹೇಳಿದ ನಂಬಿಕೆಯನ್ನು ಮರುಪರಿಶೀಲಿಸುವಂತೆ ನಮ್ಮನ್ನು ಒತ್ತಾಯಿಸಿದವು. ಆದುದರಿಂದ ಪ್ರಸ್ತುತ ಲೇಖನವನ್ನು ಪ್ರವಾಸಕಥನವೆಂದು ಓದಬೇಕಾಗಿಲ್ಲ. ಆ ಬಂಡೆಯ ಸುತ್ತ ಎರಡು ಬಗೆಯ ಮೌನಗಳಿವೆ. ಒಂದು, ತನ್ನ ವಿದ್ಯೆಯನ್ನು ಕಾಪಾಡಿಕೊಳ್ಳಲು ಒಂದು ಜನ ಪಾಲಿಸಿಕೊಂಡು ಬಂದ ಮೌನ. ಇನ್ನೊಂದು, ನಡೆದುದನ್ನು ಮುಚ್ಚಿಡಲು ಅಧಿಕಾರ ಹೊದಿಸಿದ ಮೌನ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ರೀತಿಯಾಗಿ ಕಾಣುತ್ತವೆ. ಎರಡರಲ್ಲೂ ಆಕರ ಸಿಕ್ಕುವುದಿಲ್ಲ. ಆದರೆ ಒಂದರ ಮುಂದೆ ಚರಿತ್ರೆಕಾರ ಲೇಖನಿಯನ್ನು ಕೆಳಗಿಡಬೇಕು, ಇನ್ನೊಂದರ ಮುಂದೆ ಕೈಗೆತ್ತಿಕೊಳ್ಳಬೇಕು ಎಂಬುದನ್ನು ವಿವರಿಸುವುದು ಇಲ್ಲಿಯ ಉದ್ದೇಶ.

೨

ಉಲುರು ಒಂದೇ ಬಂಡೆಯ ಬೆಟ್ಟ. ಸುತ್ತಣ ಬಯಲಿನಿಂದ ೩೪೮ ಮೀಟರು ಎತ್ತರಕ್ಕೆ ಎದ್ದು ನಿಂತಿದೆ. ಬುಡದ ಸುತ್ತಳತೆ ಒಂಬತ್ತು ಕಿಲೋಮೀಟರಿಗೂ ಹೆಚ್ಚು. ಮರಳುಗಲ್ಲಿನೊಳಗಿನ ಕಬ್ಬಿಣದ ಅಂಶ ಗಾಳಿಗೆ ತುಕ್ಕು ಹಿಡಿದು ಮೈಯೆಲ್ಲ ಕೆಂಪಾಗಿದೆ. ಪಶ್ಚಿಮಕ್ಕೆ ಕತ ಚುಟ ಎಂಬ ಮೂವತ್ತಾರು ಗುಮ್ಮಟಗಳ ಬಂಡೆಸಾಲು. ಆ ಹೆಸರಿಗೆ ‘ಹಲವು ತಲೆಗಳು’ ಎಂದರ್ಥ. ಯುನೆಸ್ಕೋ ಈ ಉದ್ಯಾನವನ್ನು ವಿಶ್ವಪರಂಪರೆಯ ಪಟ್ಟಿಗೆ ಎರಡು ಸಲ ಸೇರಿಸಿತೆಂಬುದು ಗಮನಾರ್ಹ. ೧೯೮೭ರಲ್ಲಿ ಪ್ರಕೃತಿಯ ಕಾರಣಕ್ಕಾಗಿ, ೧೯೯೪ರಲ್ಲಿ ಸಂಸ್ಕೃತಿಯ ಕಾರಣಕ್ಕಾಗಿ. ನೆಲವನ್ನು ಮೊದಲು ಕಂಡು, ಅಲ್ಲಿಯ ಜನವನ್ನು ಆಮೇಲೆ ಕಂಡ ಆಧುನಿಕ ದೃಷ್ಟಿಯ ಕ್ರಮವೇ ಈ ಎರಡು ವರ್ಷಗಳ ನಡುವೆ ಸೂಚಿತವಾಗಿದೆ.

ಸಂಸ್ಕೃತಿ ಕೇಂದ್ರ ಬಂಡೆಯಿಂದ ತುಸು ದೂರದಲ್ಲಿ, ಮುಳ್ಳುಹುಲ್ಲಿನ ಮರಳುನೆಲದಲ್ಲಿದೆ. ೧೯೯೫ರಲ್ಲಿ ತೆರೆದ ಈ ಕಟ್ಟಡದ ವಾಸ್ತುಶಿಲ್ಪಿ ಗ್ರೆಗೊರಿ ಬರ್ಜೆಸ್. ಆದರೆ ಇದು ಅವರೊಬ್ಬರ ಕಲ್ಪನೆಯಲ್ಲ. ಆ ಜನರ ಹಿರಿಯರೊಡನೆ ಕುಳಿತು, ಅವರು ಮರಳಿನ ಮೇಲೆ ಬೆರಳಿನಿಂದ ಎಳೆದ ಗೆರೆಗಳನ್ನು ಅನುಸರಿಸಿ ನಕ್ಷೆ ಸಿದ್ಧವಾಯಿತು. ಮಣ್ಣಿನ ಇಟ್ಟಿಗೆಯ ಗೋಡೆಗಳು ಎಲ್ಲಿಯೂ ನೇರವಾಗಿ ಸಾಗುವುದಿಲ್ಲ. ಬಾಗುತ್ತ ಬಳುಕುತ್ತ ಹೋಗುವ ಎರಡು ಕಟ್ಟಡಗಳು ಎರಡು ಹಾವುಗಳು. ಒಂದು ಕುನಿಯ ಎಂಬ ಹೆಬ್ಬಾವು, ಇನ್ನೊಂದು ಲಿರು ಎಂಬ ವಿಷಸರ್ಪ. ಇವುಗಳ ಕಥೆ ಮುಂದೆ ಬರುತ್ತದೆ. ಒಳಗೆ ಮರವನ್ನು ಕೊರೆದು ಸುಟ್ಟ ಗೆರೆಗಳಿಂದ ಅಲಂಕರಿಸಿದ ವಸ್ತುಗಳೂ ಚಿತ್ರಪಟಗಳೂ ಇವೆ. ಮಾರುಕು ಮತ್ತು ವಾಲ್ಕಚರ ಎಂಬ ಎರಡು ಕಲಾಸಂಸ್ಥೆಗಳು ಇಲ್ಲಿಂದಲೇ ಕೆಲಸ ಮಾಡುತ್ತವೆ. ಎರಡೂ ಆ ಜನರ ಸ್ವಂತದ್ದು.

ಬಾಗಿಲಲ್ಲೇ ಒಂದು ಸೂಚನೆಯಿತ್ತು. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ನಮ್ಮ ಕ್ಯಾಮರಾ ಚೀಲ ಸೇರಿತು. ಟಿಪ್ಪಣಿಪುಸ್ತಕ ಮಾತ್ರ ಕೈಯಲ್ಲುಳಿಯಿತು.

೩

ಈ ನೆಲದ ಒಡೆಯರು ಪಿಚಂಚಚರ ಮತ್ತು ಯಂಕುಞ್ಚಚರ ಎಂಬ ಪರಸ್ಪರ ಸಮೀಪದ ಎರಡು ಭಾಷೆಗಳನ್ನಾಡುವವರು. ತಮ್ಮನ್ನು ಅವರು ಅಣಙು ಎಂದು, ಅಂದರೆ ಮನುಷ್ಯರು ಎಂದು ಕರೆದುಕೊಳ್ಳುತ್ತಾರೆ. ಅವರ ಬದುಕಿನ ಆಧಾರವಾದ ತತ್ತ್ವಕ್ಕೆ ಚುಕುರ್ಪ ಎಂದು ಹೆಸರು. ಹಿಂದಿನ ಮಾನವಶಾಸ್ತ್ರಜ್ಞರು ಇಂತಹ ಪರಿಕಲ್ಪನೆಯನ್ನು ‘ಕನಸಿನ ಕಾಲ’ವೆಂದು ಅನುವಾದಿಸಿ ಅನರ್ಥಕ್ಕೆ ದಾರಿಮಾಡಿದರು. ಚುಕುರ್ಪವು ಕನಸೂ ಅಲ್ಲ, ಕಳೆದುಹೋದ ಕಾಲವೂ ಅಲ್ಲ. ಮೂಲಪುರುಷರು ಪ್ರಾಣಿರೂಪದಲ್ಲಿಯೂ ಮನುಷ್ಯರೂಪದಲ್ಲಿಯೂ ಸಂಚರಿಸಿ ನೆಲಕ್ಕೆ ಆಕಾರ ಕೊಟ್ಟ ವೃತ್ತಾಂತ ಅದು. ಅವರು ನಡೆದ ದಾರಿ ಅದು. ಯಾರು ಯಾರನ್ನು ಮದುವೆಯಾಗಬಹುದು, ಯಾವ ನೀರನ್ನು ಯಾರು ಕಾಯಬೇಕು, ತಪ್ಪಿದವನಿಗೆ ಶಿಕ್ಷೆಯೇನು ಎಂಬ ಕಟ್ಟಳೆಯೂ ಅದೇ. ನಮ್ಮಲ್ಲಿ ಪುರಾಣ, ಧರ್ಮಶಾಸ್ತ್ರ, ಕ್ಷೇತ್ರಮಾಹಾತ್ಮ್ಯಗಳೆಂದು ಬೇರೆಬೇರೆಯಾಗಿ ಬರೆಯಲ್ಪಟ್ಟವು ಅಲ್ಲಿ ಒಂದೇ ಪದದಲ್ಲಿ ಅಡಕವಾಗಿವೆ. ಬರೆದಿಡಲು ಓಲೆಯಿಲ್ಲದ ಕಾರಣ ಅದು ಕಲ್ಲಿನಲ್ಲಿ ಉಳಿದಿದೆ. ಕಲ್ಲಿನ ಮೇಲೆ ಕೆತ್ತಿದ ಅಕ್ಷರವಾಗಿ ಅಲ್ಲ, ಕಲ್ಲಿನ ಆಕಾರವೇ ಆಗಿ.

ಸಂದರ್ಶಕರಿಗೆ ಹೇಳಲಾಗುವ ಕುನಿಯಳ ಕಥೆ ಹೀಗಿದೆ. ಹೆಬ್ಬಾವು ಹೆಣ್ಣಾದ ಕುನಿಯ ತನ್ನ ಮೊಟ್ಟೆಗಳನ್ನು ಹೊತ್ತು ಪೂರ್ವದಿಂದ ಉಲುರುವಿಗೆ ಬರುತ್ತಾಳೆ. ಅವಳ ಸೋದರಳಿಯನನ್ನು ಲಿರು ಯೋಧರು ಅಟ್ಟಿಸಿಕೊಂಡು ಬಂದು ಈಟಿಗಳಿಂದ ತಿವಿದು ಕೊಲ್ಲುತ್ತಾರೆ. ಬಂಡೆಯ ಮೈಯಲ್ಲಿರುವ ತೂತುಗಳು ಆ ಈಟಿಗಳ ಗುರುತು. ಸುದ್ದಿ ತಿಳಿದ ಕುನಿಯ ಮುಟಿಚುಲು ಎಂಬ ನೀರಿನ ಮಡುವಿನ ಬಳಿಗೆ ಧಾವಿಸುತ್ತಾಳೆ. ಅಲ್ಲಿದ್ದ ಲಿರು ಅವಳ ದುಃಖವನ್ನು ಕಂಡು ಹಂಗಿಸುತ್ತಾನೆ. ಅವಳು ಗೆಡ್ಡೆ ಅಗೆಯುವ ಕೋಲಿನಿಂದ ಅವನ ತಲೆಗೆ ಹೊಡೆಯುತ್ತಾಳೆ. ಮೊದಲನೆಯ ಪೆಟ್ಟು ಸಣ್ಣದು, ಎರಡನೆಯದು ಪ್ರಾಣಾಂತಿಕ. ಬಂಡೆಯಲ್ಲಿ ಆ ಎರಡು ಸೀಳುಗಳನ್ನು ಇಂದಿಗೂ ಕಾಣಬಹುದು. ಬಿದ್ದ ಗುರಾಣಿ ಒಂದು ಗುಂಡುಕಲ್ಲಾಗಿದೆ. ಕಡೆಗೆ ಕುನಿಯಳೂ ಅವಳ ಅಳಿಯನೂ ಒಂದಾಗಿ, ವನಂಪಿ ಎಂಬ ಜಲಸರ್ಪವಾಗಿ ಆ ಮಡುವನ್ನು ಕಾಯುತ್ತಿದ್ದಾರೆ.

ಮಡುವಿನ ಅಂಚಿನಲ್ಲಿ ನಿಂತು ಈ ಕಥೆಯನ್ನು ಹೇಳಿದ ಅಣಙು ಮಾರ್ಗದರ್ಶಕ ಹಿರಿಯರು ಬಂಡೆಯನ್ನು ಒಂದು ಪುಟವೆಂಬಂತೆ ಬೆರಳಿನಿಂದ ತೋರಿಸುತ್ತ ಹೋದರು. ಅವರು ತಮ್ಮ ಭಾಷೆಯಲ್ಲಿ ಹೇಳುತ್ತಿದ್ದರು. ಜೊತೆಗಿದ್ದ ದುಭಾಷಿ ಇಂಗ್ಲಿಷಿಗೆ ತರುತ್ತಿದ್ದರು. ನಾವು ಅಭ್ಯಾಸಬಲದಿಂದ ಪಾಠಾಂತರಗಳನ್ನು ಕೇಳತೊಡಗಿದೆವು. ಅಳಿಯನನ್ನು ಕೊಂದ ಕಾರಣವೇನು? ಕುನಿಯ ಹೊಡೆಯುವ ಮೊದಲು ಮಾಡಿದ ವಿಧಿ ಯಾವುದು? ಹಾಡಿದ ಹಾಡು ಯಾವುದು? ಹಿರಿಯರು ಮುಗುಳ್ನಕ್ಕರು. ‘ಇದು ಮಕ್ಕಳಿಗೆ ಹೇಳುವಷ್ಟು. ನೀವು ಇಂದು ತಾನೆ ಬಂದಿದ್ದೀರಿ’ ಎಂದರು. ಆ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ವಯಸ್ಸು, ವಿದ್ಯೆ, ಪ್ರಬಂಧಗಳ ಸಂಖ್ಯೆ ಯಾವುದೂ ಅಲ್ಲಿ ಗಣನೆಗೆ ಬರುವುದಿಲ್ಲವೆಂಬುದು ಮಾತ್ರ ನಮಗೆ ಸ್ಪಷ್ಟವಾಯಿತು.

ಅಣಙು ಪದ್ಧತಿಯಲ್ಲಿ ಕಥೆಗೆ ಪದರಗಳಿವೆ. ಮೇಲಿನ ಪದರ ಎಲ್ಲರದು. ಅದರ ಕೆಳಗೆ ದೀಕ್ಷೆ ಪಡೆದ ಗಂಡಸರಿಗೆ ಮಾತ್ರ ತಿಳಿದಿರುವುದುಂಟು. ಹೆಂಗಸರಿಗೆ ಮಾತ್ರ ತಿಳಿದಿರುವುದುಂಟು. ಬಂಡೆಯ ಬುಡದಲ್ಲಿ ಸುತ್ತು ಹಾಕುವಾಗ ಕೆಲವು ಭಾಗಗಳಲ್ಲಿ ಛಾಯಾಚಿತ್ರ ತೆಗೆಯಬಾರದೆಂಬ ಫಲಕಗಳಿರುವುದು ಈ ಕಾರಣದಿಂದಲೇ. ಅಲ್ಲಿಯ ಬಂಡೆಯ ರಚನೆಯೇ ಪಾಠ. ಹೆಂಗಸರ ಪಾಠವನ್ನು ಗಂಡಸು ಎಲ್ಲೋ ದೂರದೂರಿನಲ್ಲಿ ಚಿತ್ರವಾಗಿ ಕಂಡರೂ ಕಟ್ಟಳೆ ಮುರಿದಂತೆ. ತೀರಿಕೊಂಡವರ ಹೆಸರನ್ನು ಶೋಕದ ಅವಧಿಯಲ್ಲಿ ಉಚ್ಚರಿಸದಿರುವುದೂ ಅವರ ನಿಯಮ. ಅದೇ ಹೆಸರಿನ ಬದುಕಿರುವವರನ್ನೂ ಆಗ ‘ಕುನ್ಮನರ’ ಎಂಬ ಬದಲಿ ಹೆಸರಿನಿಂದ ಕರೆಯುತ್ತಾರೆ. ಸತ್ತವನ ಹೆಸರನ್ನು ವೀರಗಲ್ಲಿನಲ್ಲಿ ಕೊರೆಯಿಸಿ ಆಚಂದ್ರಾರ್ಕ ಉಳಿಯಲೆಂದು ಹಾರೈಸಿದ ನಾಡಿನಿಂದ ಬಂದ ನಮಗೆ ಇದು ಮೊದಲು ವಿಚಿತ್ರವಾಗಿ ತೋರಿತು. ಯೋಚಿಸಿದಂತೆ ಎರಡರ ಹಿಂದಿನ ಭಾವ ಒಂದೇ ಎನಿಸಿತು. ಹೆಸರಿಗೆ ಬಲವಿದೆ ಎಂದು ನಂಬಿದವರು ಮಾತ್ರ ಅದನ್ನು ಕಲ್ಲಿನಲ್ಲಿ ಕೊರೆಯುತ್ತಾರೆ ಅಥವಾ ನಾಲಗೆಯ ಮೇಲೆ ತಡೆಹಿಡಿಯುತ್ತಾರೆ.

೪

ಹೆಸರಿನ ಮಾತು ಬಂದುದರಿಂದ, ಕನ್ನಡ ಓದುಗರಿಗೆ ಕುತೂಹಲಕರವಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ಜನರ ಭಾಷೆಯಲ್ಲಿ ದಂತ್ಯ ಮತ್ತು ಮೂರ್ಧನ್ಯ ಧ್ವನಿಗಳ ಭೇದ ಸ್ಪಷ್ಟವಾಗಿದೆ. ರೋಮನ್ ಲಿಪಿಗೆ ಈ ಸೌಕರ್ಯವಿಲ್ಲದುದರಿಂದ ಅಕ್ಷರದಡಿಯಲ್ಲಿ ಗೆರೆಯೆಳೆದು ಬರೆಯುತ್ತಾರೆ. ಕನ್ನಡ ಲಿಪಿಗೆ ಆ ತೊಡಕಿಲ್ಲ. ಅಣಙು ಎಂಬಲ್ಲಿಯ ಣಕಾರವೂ, ನಮ್ಮ ವರ್ಣಮಾಲೆಯಲ್ಲಿ ಹೆಚ್ಚಾಗಿ ನಿರುದ್ಯೋಗಿಯಾಗಿ ಕುಳಿತಿರುವ ಙಕಾರವೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಉಲುರು ಎಂಬಲ್ಲಿಯ ಕೊನೆಯ ವ್ಯಂಜನ ನಮ್ಮ ರಕಾರವಲ್ಲ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಎಲ್ಲಿಯೂ ತಾಗಿಸದೆ ನುಡಿಯುವ ಧ್ವನಿ ಅದು. ಹಳಗನ್ನಡದ ೞಕಾರಕ್ಕೆ ವಿದ್ವಾಂಸರು ಊಹಿಸುವ ಉಚ್ಚಾರಣೆಗೆ ತೀರ ಹತ್ತಿರವಾದುದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವಿರುವ ಶಬ್ದಗಳನ್ನು ಪಟ್ಟಿ ಮಾಡಬೇಕಾಗಿ ಬಂತು. ಆ ಹೊತ್ತಿಗಾಗಲೇ ಬಳಕೆಯ ಕನ್ನಡದಲ್ಲಿ ಅದು ಅಳಿಸಿಹೋಗುತ್ತಿತ್ತು. ನಾವು ಎಂಟು ಶತಮಾನಗಳ ಹಿಂದೆ ಕಳೆದುಕೊಂಡ ಅಕ್ಷರದಿಂದ ‘ಉಲುೞು’ ಎಂದು ಬರೆದರೆ ಆ ಹಿರಿಯರ ಉಚ್ಚಾರಣೆಗೆ ಹೆಚ್ಚು ನಿಷ್ಠವಾಗುತ್ತದೆ.

ಇಷ್ಟರಿಂದ ಬಂಧುತ್ವವನ್ನು ಕಲ್ಪಿಸಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಷಪ್ ಕಾಲ್ಡ್‌ವೆಲ್ ಮೊದಲಾದವರು ದ್ರಾವಿಡ ಭಾಷೆಗಳಿಗೂ ಆಸ್ಟ್ರೇಲಿಯಾದ ಭಾಷೆಗಳಿಗೂ ಸರ್ವನಾಮಗಳಲ್ಲಿ ಸಾಮ್ಯ ಕಂಡಿದ್ದರು. ಅದರ ಜೊತೆಗೆ ಬೆಳೆದ ಜನಾಂಗಸಿದ್ಧಾಂತಗಳು ಎರಡೂ ಕಡೆಯ ಜನರನ್ನು ‘ಪ್ರಾಚೀನ’ರ ಸಾಲಿಗೆ ಸೇರಿಸಿ ಅಳತೆಗೋಲು ಹಿಡಿದವು. ಇಂದಿನ ಭಾಷಾಶಾಸ್ತ್ರ ಆ ಸಂಬಂಧವನ್ನು ಸಿದ್ಧವಾದುದೆಂದು ಒಪ್ಪುವುದಿಲ್ಲ. ಧ್ವನಿಸಾಮ್ಯ ನಮಗೆ ಕೊಡುವುದು ಹೆಸರನ್ನು ಸರಿಯಾಗಿ ಉಚ್ಚರಿಸುವ ಅನುಕೂಲವನ್ನು ಮಾತ್ರ. ಅದೇನೂ ಸಣ್ಣದಲ್ಲ. ಆ ಎರಡು ಭಾಷೆಗಳ ಹೆಸರುಗಳು ಕೂಡ ಹೋಗುವುದು ಬರುವುದಕ್ಕೆ ಯಾರು ಯಾವ ಪದ ಬಳಸುತ್ತಾರೆ ಎಂಬುದನ್ನು ಆಧರಿಸಿವೆ. ‘ಹೊಂಟೀನಿ’ ಎನ್ನುವವರು ಒಂದು ಕಡೆಯವರು, ‘ಹೊರಟಿದೀನಿ’ ಎನ್ನುವವರು ಇನ್ನೊಂದು ಕಡೆಯವರು ಎಂದು ನಾವು ಗುರುತಿಸುವಂತೆ. ಪರನಾಡಿನಲ್ಲಿ ನೆಲಸಿ, ಒಂದು ಕ್ರಿಯಾಪದದಿಂದ ಪರಸ್ಪರರ ಊರನ್ನು ಹಿಡಿಯಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂತಹ ಹೆಸರಿದ್ದ ಬಂಡೆಗೆ ೧೮೭೩ರಲ್ಲಿ ಹೊಸ ಹೆಸರು ಬಂತು. ಅದರ ಹಿಂದಿನ ವರ್ಷ ಅರ್ನೆಸ್ಟ್ ಗೈಲ್ಸ್ ಎಂಬ ಅನ್ವೇಷಕ ಈ ಸೀಮೆಗೆ ಬಂದಿದ್ದನು. ೧೮೭೩ರಲ್ಲಿ ವಿಲಿಯಂ ಗಾಸ್ ಎಂಬ ಭೂಮಾಪಕ ಬಂಡೆಯನ್ನು ತಲುಪಿ, ಅದಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಮುಖ್ಯ ಕಾರ್ಯದರ್ಶಿ ಸರ್ ಹೆನ್ರಿ ಏರ್ಸ್ ಎಂಬವರ ಹೆಸರಿಟ್ಟನು. ಕತ ಚುಟ ‘ಓಲ್ಗಾ’ ಆಯಿತು. ಇಲ್ಲಿಂದ ಮುಂದಿನ ನೂರಿಪ್ಪತ್ತು ವರ್ಷ ‘ಏರ್ಸ್ ರಾಕ್’ ಎಂಬುದೇ ಅಧಿಕೃತ ನಾಮ. ೧೯೯೩ರಲ್ಲಿ ಎರಡೂ ಹೆಸರುಗಳು ಜೊತೆಯಾಗಿ ಅಧಿಕೃತವಾದವು. ೨೦೦೨ರಲ್ಲಿ ಕ್ರಮ ಬದಲಾಗಿ ಉಲುರು ಮೊದಲು ಬಂತು. ಒಂದು ಹೆಸರನ್ನು ಮೌನಗೊಳಿಸಲು ಭೂಮಾಪಕನ ದಿನಚರಿಯ ಒಂದು ಸಾಲು ಸಾಕಾಯಿತು. ಅದನ್ನು ಮರಳಿ ನುಡಿಸಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

೫

ಎರಡನೆಯ ಬಗೆಯ ಮೌನ ಹೆಸರಿನಲ್ಲಿಯೇ ನಿಲ್ಲಲಿಲ್ಲ. ಮುಟಿಚುಲು ಮಡುವಿನ ಬಳಿ ಕುನಿಯಳ ಕಥೆಯ ಹೊರತಾಗಿ ಇನ್ನೊಂದು ಸಂಗತಿ ನಡೆದಿದೆ. ಅದಕ್ಕೆ ತೇದಿಯಿದೆ, ಕಾಗದಪತ್ರಗಳಿವೆ.

೧೯೨೦ರ ಹೊತ್ತಿಗೆ ಈ ಪ್ರದೇಶವನ್ನು ಮೂಲನಿವಾಸಿಗಳ ಮೀಸಲು ನೆಲವೆಂದು ಘೋಷಿಸಲಾಗಿತ್ತು. ಹೊರಗಿನವರು ಹೆಚ್ಚಾಗಿ ಬರುವಂತಿರಲಿಲ್ಲ. ಆದರೆ ಪೊಲೀಸರು ಬರಬಹುದಿತ್ತು. ೧೯೩೪ರಲ್ಲಿ ಅಣಙು ಕಟ್ಟಳೆಯ ಪ್ರಕಾರ ಒಬ್ಬನ ಕೊಲೆಯಾಯಿತು. ಅದನ್ನು ವಿಚಾರಿಸಲು ಬಂದ ಕಾನ್ಸ್‌ಟೇಬಲ್ ಬಿಲ್ ಮೆಕಿನನ್ ಕೆಲವರನ್ನು ಬಂಧಿಸಿದನು. ಅವರು ತಪ್ಪಿಸಿಕೊಂಡು ಉಲುರುವಿನ ಕಡೆ ಓಡಿದರು. ಬೆನ್ನಟ್ಟಿ ಬಂದ ಮೆಕಿನನ್, ಮಡುವಿನ ಬಳಿಯ ಗುಹೆಯೊಂದರಲ್ಲಿ ಅಡಗಿದ್ದ ಯೊಕುನುನ ಎಂಬವನಿಗೆ ಗುಂಡು ಹಾರಿಸಿದನು, ಯೊಕುನುನ ತೀರಿಕೊಂಡನು. ೧೯೩೫ರಲ್ಲಿ ಸರ್ಕಾರ ನೇಮಿಸಿದ ವಿಚಾರಣಾ ಮಂಡಳಿ ಸ್ಥಳಕ್ಕೆ ಬಂದಿತು. ಹೂತಿದ್ದ ದೇಹವನ್ನು ತೆಗೆಸಿ ಅಸ್ಥಿಗಳನ್ನು ಅಡಿಲೇಡಿಗೆ ಸಾಗಿಸಿತು. ಗುರಿಯಿಡದೆ ಗುಹೆಯೊಳಕ್ಕೆ ಹಾರಿಸಿದೆನೆಂದು ಮೆಕಿನನ್ ಹೇಳಿಕೆ ಕೊಟ್ಟನು. ಗುಂಡು ಹಾರಿಸಿದುದು ಅನಗತ್ಯವಾಗಿದ್ದರೂ ಕಾನೂನಿಗೆ ಸಮ್ಮತವೆಂಬ ತೀರ್ಮಾನಕ್ಕೆ ಮಂಡಳಿ ಬಂದಿತು. ಸರ್ಕಾರದ ಕಡತ ಮುಚ್ಚಿತು.

ಆದರೆ ಅಣಙು ಜನರ ನೆನಪು ಮುಚ್ಚಲಿಲ್ಲ. ಯೊಕುನುನನ ಸೋದರ ಪ್ಯಾಡಿ ಉಲುರು ಆ ದಿನ ಅಲ್ಲಿಂದ ಪಾರಾಗಿ ಓಡಿದವರಲ್ಲಿ ಒಬ್ಬರು. ಬಹುಕಾಲ ದೂರವಿದ್ದು, ಮರಳಿ ಬಂದು, ೧೯೭೯ರಲ್ಲಿ ತೀರಿಕೊಳ್ಳುವವರೆಗೂ ಆ ನೆಲದ ಹಿರಿಯರಾಗಿದ್ದರು. ನಡೆದುದೇನೆಂದು ಅವರ ಕುಟುಂಬಕ್ಕೆ ತಿಳಿದಿತ್ತು. ಲಿಖಿತ ದಾಖಲೆಯಲ್ಲಿ ಮಾತ್ರ ಇದಕ್ಕೆ ವಿರುದ್ಧವಾದ ಹೇಳಿಕೆಯಿತ್ತು. ಚರಿತ್ರೆಕಾರ ಮಾರ್ಕ್ ಮೆಕೆನ್ನಾ ಮೆಕಿನನ್ನನ ಕುಟುಂಬದವರು ಇಟ್ಟುಕೊಂಡಿದ್ದ ಕಾಗದಗಳನ್ನು ನೋಡಿದಾಗ ಕಾನ್ಸ್‌ಟೇಬಲ್ಲನ ಮೂಲ ಟಿಪ್ಪಣಿಪುಸ್ತಕ ಸಿಕ್ಕಿತು. ತಾಗಲೆಂದೇ ಹಾರಿಸಿದೆನೆಂದು ಅವನು ತನ್ನ ಕೈಯಿಂದಲೇ ಅದರಲ್ಲಿ ಬರೆದುಕೊಂಡಿದ್ದನು. ೨೦೨೧ರಲ್ಲಿ ಪ್ರಕಟವಾದ ಮೆಕೆನ್ನಾ ಅವರ ಗ್ರಂಥ ಇದನ್ನು ಬಯಲಿಗೆ ತಂದಿತು. ಯೊಕುನುನನ ತಲೆಬುರುಡೆ ಅಡಿಲೇಡಿನ ವಸ್ತುಸಂಗ್ರಹಾಲಯದಲ್ಲಿದ್ದುದೂ ಅವರ ಶೋಧದಿಂದಲೇ ಬೆಳಕಿಗೆ ಬಂತು.

ಮೌಖಿಕ ಪರಂಪರೆಯನ್ನು ಲಿಖಿತ ಆಕರದಿಂದ ಪರೀಕ್ಷಿಸಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇವೆ. ಇಲ್ಲಿ ಮೌಖಿಕ ನೆನಪು ಸರಿಯಾಗಿದ್ದು, ಪ್ರಮಾಣೀಕರಿಸಿದ ಹೇಳಿಕೆ ಸುಳ್ಳಾಗಿತ್ತು. ಅದನ್ನು ತೋರಿಸಲು ಇನ್ನೊಂದು ಲಿಖಿತ ಆಕರವೇ ಬೇಕಾಯಿತೆಂಬುದು ನಮ್ಮ ಶಾಸ್ತ್ರಕ್ಕೆ ಸಮಾಧಾನ ತರಬಹುದು. ಆದರೆ ಅದು ಸಿಗುವವರೆಗಿನ ಎಂಬತ್ತಕ್ಕೂ ಹೆಚ್ಚು ವರ್ಷ ಆ ಕುಟುಂಬದ ಮಾತು ಸಾಕ್ಷ್ಯವೆನಿಸಿರಲಿಲ್ಲ ಎಂಬುದನ್ನು ಮರೆಯಲಾಗದು.

೬

ಮುಂದಿನ ಚರಿತ್ರೆ ಭೂಮಿಯ ಒಡೆತನಕ್ಕೆ ಸಂಬಂಧಿಸಿದುದು. ಪ್ರವಾಸೋದ್ಯಮ ಬೆಳೆದಂತೆ ೧೯೫೮ರಲ್ಲಿ ಉಲುರು ಮತ್ತು ಕತ ಚುಟಗಳನ್ನು ಮೀಸಲು ನೆಲದಿಂದ ಬೇರ್ಪಡಿಸಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲಾಯಿತು. ೧೯೬೪ರಲ್ಲಿ ಬಂಡೆಯನ್ನೇರಲು ಅನುಕೂಲವಾಗಲೆಂದು ಕಂಬ ನೆಟ್ಟು ಸರಪಳಿ ಬಿಗಿದರು. ೧೯೭೬ರಲ್ಲಿ ಉತ್ತರ ಪ್ರಾಂತ್ಯದ ಮೂಲನಿವಾಸಿಗಳ ಭೂಹಕ್ಕಿನ ಕಾಯಿದೆ ಅಂಗೀಕೃತವಾಯಿತು. ಆದರೆ ಉದ್ಯಾನವಾಗಿ ಮಾರ್ಪಟ್ಟ ನೆಲ ಆ ಕಾಯಿದೆಯ ಹಕ್ಕುಕೋರಿಕೆಗೆ ಒಳಪಡುವುದಿಲ್ಲವೆಂದು ೧೯೭೯ರಲ್ಲಿ ತೀರ್ಮಾನವಾಯಿತು. ಪ್ರಧಾನಿ ಬಾಬ್ ಹಾಕ್ ಅವರ ಸರ್ಕಾರ ೧೯೮೩ರಲ್ಲಿ ನೆಲವನ್ನು ಹಿಂದಿರುಗಿಸುವುದಾಗಿ ಪ್ರಕಟಿಸಿ ಕಾಯಿದೆಯನ್ನು ತಿದ್ದಿತು. ೧೯೮೫ರ ಅಕ್ಟೋಬರ್ ೨೬ರಂದು ಬಂಡೆಯ ಬುಡದಲ್ಲಿ ಗವರ್ನರ್ ಜನರಲ್ ಸರ್ ನಿನಿಯನ್ ಸ್ಟೀಫನ್ ಹಕ್ಕುಪತ್ರವನ್ನು ಅಣಙು ಹಿರಿಯರ ಕೈಗಿತ್ತರು. ಅದೇ ಸಮಾರಂಭದಲ್ಲಿ ಹಿರಿಯರು ಅದೇ ನೆಲವನ್ನು ೯೯ ವರ್ಷಗಳ ಗುತ್ತಿಗೆಗೆ ಸರ್ಕಾರಕ್ಕೆ ಮರಳಿ ಕೊಟ್ಟರು. ಆ ಅವಧಿ ಮುಗಿಯುವುದು ೨೦೮೪ರಲ್ಲಿ.

ದಾನಶಾಸನಗಳನ್ನು ಓದಿ ಬೆಳೆದವರಿಗೆ ಈ ದಿನದ ಚಿತ್ರ ವಿಚಾರಾರ್ಹ. ನಮ್ಮ ಶಾಸನದಲ್ಲಿ ಭೂಮಿಯ ಚತುಸ್ಸೀಮೆಯಿರುತ್ತದೆ, ಸಾಕ್ಷಿಗಳಿರುತ್ತಾರೆ, ಸರ್ವಬಾಧಾಪರಿಹಾರದ ಮಾತಿರುತ್ತದೆ, ಕೊಟ್ಟುದನ್ನು ಕಸಿದುಕೊಂಡವನಿಗೆ ಶಾಪವಿರುತ್ತದೆ. ಶಾಪ ಬರೆಯಬೇಕಾಗಿ ಬಂದುದೇ ಕಸಿದುಕೊಳ್ಳುವವರು ಇರುತ್ತಿದ್ದರೆಂಬುದಕ್ಕೆ ಸಾಕ್ಷಿ. ಉಲುರುವಿನ ಹಕ್ಕುಪತ್ರ ದಾನವಲ್ಲ; ಕಸಿದುಕೊಂಡವರು ಹಿಂದಿರುಗಿಸಿದ ಪತ್ರ. ಆದರೂ ಅದು ಸರ್ವಬಾಧಾಪರಿಹಾರವಾಗಿರಲಿಲ್ಲ. ಮೊದಲು ಹೇಳಿದ್ದ ಗುತ್ತಿಗೆಯ ಅವಧಿ ೫೦ ವರ್ಷ. ಅದು ೯೯ ಆಯಿತು. ಬಂಡೆ ಹತ್ತುವುದನ್ನು ನಿಲ್ಲಿಸಲಾಗುವುದೆಂಬ ಭರವಸೆಯೂ ಕೈಬಿಟ್ಟುಹೋಯಿತು. ಆಡಳಿತ ಮಂಡಳಿಯಲ್ಲಿ ಅಣಙು ಸದಸ್ಯರ ಬಹುಮತವಿರಬೇಕೆಂಬ ನಿಯಮ ಮಾತ್ರ ಮುಂದೆ ಫಲ ಕೊಟ್ಟಿತು.

ಬಂಡೆ ಹತ್ತುವ ದಾರಿ ಮಾಲ ಎಂಬ ಮೂಲಪುರುಷರು ಏರಿದ ಪವಿತ್ರ ದಾರಿ. ಮಾಲವೆಂದರೆ ಮೊಲದ ಗಾತ್ರದ, ಕಾಂಗರೂ ವರ್ಗದ ಒಂದು ಪ್ರಾಣಿ. ಸರಪಳಿ ಹಿಡಿದು ಸಾಲಾಗಿ ಏರುತ್ತಿದ್ದ ಪ್ರವಾಸಿಗಳನ್ನು ಅಣಙು ‘ಮಿಂಗ’ ಎಂದರು, ಅಂದರೆ ಇರುವೆಗಳು. ಏರಿದವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ವಿವಿಧ ವರ್ಷಗಳಲ್ಲಿ ಸತ್ತಿದ್ದಾರೆ. ಪ್ರತಿ ಸಾವಿಗೂ ಆ ಜನ ದುಃಖಿಸುತ್ತಿದ್ದರು. ತಮ್ಮ ನೆಲಕ್ಕೆ ಬಂದವನ ಕ್ಷೇಮ ತಮ್ಮ ಹೊಣೆಯೆಂಬುದು ಅವರ ಕಟ್ಟಳೆ. ಆದರೂ ಅವರು ಬಾಗಿಲು ಮುಚ್ಚಲಿಲ್ಲ. ಸಂಸ್ಕೃತಿ ಕೇಂದ್ರವನ್ನು ಕಟ್ಟಿ, ಏರಬೇಡಿರೆಂದು ಕೇಳಿಕೊಂಡು, ಕಾರಣ ಹೇಳಿದರು. ಏರುವವರ ಪ್ರಮಾಣ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಾದರೆ ದಾರಿಯನ್ನು ಮುಚ್ಚುವ ಅವಕಾಶ ೨೦೧೦ರ ನಿರ್ವಹಣಾ ಯೋಜನೆಯಲ್ಲಿ ಸೇರಿತು. ೨೦೧೭ರಲ್ಲಿ ಆಡಳಿತ ಮಂಡಳಿ ಒಮ್ಮತದಿಂದ ನಿರ್ಣಯ ಮಾಡಿತು. ೨೦೧೯ರ ಅಕ್ಟೋಬರ್ ೨೬ರಿಂದ, ನೆಲ ಹಿಂದಿರುಗಿದ ದಿನದ ೩೪ನೆಯ ವಾರ್ಷಿಕದಂದು, ಏರುವುದು ನಿಂತಿತು. ನಾವು ನೋಡಿದಾಗ ಸರಪಳಿ ಇರಲಿಲ್ಲ. ಲಕ್ಷಾಂತರ ಕಾಲುಗಳು ತುಳಿದು ನಯಗೊಳಿಸಿದ ಬಿಳಿಚು ಗೆರೆ ಮಾತ್ರ ಬಂಡೆಯ ಮೇಲೆ ಉಳಿದಿತ್ತು.

ಈ ಉದ್ಯಾನಕ್ಕೆ ಜಗತ್ತಿನ ಹಲವೆಡೆಗಳಿಂದ ಅಂಚೆಯಲ್ಲಿ ಕಲ್ಲುಗಳು ಬರುತ್ತವೆ. ಹಿಂದೊಮ್ಮೆ ನೆನಪಿಗೆಂದು ಚೂರು ಕಲ್ಲನ್ನೋ ಹಿಡಿ ಮಣ್ಣನ್ನೋ ಒಯ್ದವರು ಕ್ಷಮೆ ಕೇಳಿ ಹಿಂದಿರುಗಿಸುವವು ಅವು. ‘ಕ್ಷಮೆಯ ಕಲ್ಲುಗಳು’ ಎಂದೇ ಅವಕ್ಕೆ ಹೆಸರು. ಕೆಲವರು ಕೆಟ್ಟ ಕಾಲ ಬಂತೆಂದು ಹೆದರಿ ಕಳಿಸಿದ್ದಾರೆ, ಕೆಲವರು ಪಶ್ಚಾತ್ತಾಪದಿಂದ. ಸಣ್ಣವರು ಸಣ್ಣ ಕಲ್ಲನ್ನು ಹಿಂದಿರುಗಿಸಿದಷ್ಟು ಸುಲಭವಾಗಿ ರಾಷ್ಟ್ರಗಳು ಹಿಂದಿರುಗಿಸಲಾರವು. ೨೦೧೭ರಲ್ಲಿ ಖಂಡದ ಮೂಲನಿವಾಸಿಗಳ ಪ್ರತಿನಿಧಿಗಳು ಈ ಬಂಡೆಯ ಬಳಿಯೇ ಸೇರಿ, ತಮ್ಮ ಮಾತನ್ನು ಕೇಳುವ ವ್ಯವಸ್ಥೆಯೊಂದು ಸಂವಿಧಾನದಲ್ಲಿರಲೆಂದು ಹೇಳಿಕೆ ಹೊರಡಿಸಿದರು. ೨೦೨೩ರ ಅಕ್ಟೋಬರಿನ ಜನಮತಗಣನೆಯಲ್ಲಿ ಎಲ್ಲ ರಾಜ್ಯಗಳಲ್ಲಿಯೂ ಅದು ತಿರಸ್ಕೃತವಾಯಿತು.

೭

ಈ ವಿಚಾರಗಳು ನಮಗೆ ದೂರದವಲ್ಲ. ನಮ್ಮಲ್ಲಿಯೂ ಕಾಡನ್ನು ರಕ್ಷಿಸುವ ಹೆಸರಿನಲ್ಲಿ ಕಾಡಿನ ಮಕ್ಕಳನ್ನು ಹೊರಗಿಟ್ಟ ಚರಿತ್ರೆಯಿದೆ. ೨೦೦೬ರ ಅರಣ್ಯ ಹಕ್ಕು ಕಾಯಿದೆಯಡಿ ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಹುಲಿಧಾಮವೊಂದರೊಳಗೆ ಇಂತಹ ಮನ್ನಣೆ ದೊರೆತ ಮೊದಲ ನಿದರ್ಶನಗಳಲ್ಲಿ ಅದು ಒಂದು. ಸೋಲಿಗರೂ ತಮ್ಮ ಕಾಡನ್ನು ಕುಲಗಳ ಯೆಲ್ಲೆಗಳಾಗಿ ಹಂಚಿಕೊಂಡು, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ನೆಲೆಗಳನ್ನು ಗುರುತಿಸಿಟ್ಟವರು. ಆ ನೆಲೆಗಳನ್ನು ನಕ್ಷೆಗೆ ಇಳಿಸುವ ಕೆಲಸ ನಡೆದಿದೆ. ಅವರ ಹಕ್ಕಿಗೆ ಅದು ಆಧಾರವೂ ಹೌದು. ಆದರೆ ಯಾವುದನ್ನು ನಕ್ಷೆಯಲ್ಲಿ ತೋರಿಸಬಹುದು, ಯಾವುದನ್ನು ತೋರಿಸಬಾರದು ಎಂಬುದನ್ನು ಅವರೇ ಹೇಳಬೇಕೆಂಬ ತತ್ತ್ವ ನಮ್ಮ ಜಾನಪದ ಸಂಗ್ರಹಕಾರ್ಯದಲ್ಲಿ ಇನ್ನೂ ಬೇರೂರಿಲ್ಲ. ರಾತ್ರಿಯ ವಿಧಿಯಲ್ಲಿ ಹಾಡಿದ ಹಾಡನ್ನು ಹಗಲಿನ ಧ್ವನಿಸುರುಳಿಗೆ ತುಂಬಿಕೊಂಡು ಮುದ್ರಿಸಿದ ಪುಸ್ತಕಗಳು ನಮ್ಮ ಕಪಾಟುಗಳಲ್ಲಿವೆ. ಹಾಡಿದವರ ಒಪ್ಪಿಗೆಯನ್ನು ಕೇಳಿದೆವೋ, ಒಪ್ಪಿಗೆಯೆಂದರೆ ಏನೆಂದು ಅವರಿಗೆ ತಿಳಿಸಿದೆವೋ ಎಂಬುದನ್ನು ಬಹಳ ಪುಸ್ತಕಗಳ ಮುನ್ನುಡಿ ಹೇಳುವುದಿಲ್ಲ.

ಹಾಗಾದರೆ ಎರಡು ಮೌನಗಳನ್ನು ಗುರುತಿಸುವ ಬಗೆ ಹೇಗೆ? ಒಂದು ಪ್ರಶ್ನೆಯನ್ನು ಒಡ್ಡಿಕೊಳ್ಳಬಹುದು. ಹೇಳದೆ ಇರುವವನು ಕಾಪಾಡುತ್ತಿರುವುದು ಯಾರನ್ನು? ಕುನಿಯಳ ಹಾಡನ್ನು ಹೇಳದ ಹಿರಿಯರು ತಮಗಾಗಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಆ ಹಾಡಿಗೆ ಹಕ್ಕುದಾರರಾಗಿ ಮುಂದೆ ಹುಟ್ಟಲಿರುವವರ ಸೊತ್ತನ್ನು ಕಾಯುತ್ತಿದ್ದರು. ಕಾನ್ಸ್‌ಟೇಬಲ್ ತನ್ನನ್ನೂ ತನ್ನ ಸಮವಸ್ತ್ರವನ್ನೂ ಕಾಪಾಡಿಕೊಂಡನು. ಮೊದಲನ್ನು ಕೆದಕುವುದು ಕಳ್ಳತನ. ಎರಡನೆಯದನ್ನು ಕೆದಕದಿರುವುದು ಪಾಲುದಾರಿಕೆ. ಇವೆರಡರ ನಡುವೆ ನಿರ್ಧಾರ ಕಠಿನವಾಗುವ ಸಂದರ್ಭಗಳೂ ಇರುತ್ತವೆ. ಮಠಮನೆತನಗಳ ಹಸ್ತಪ್ರತಿಗಳ ವಿಷಯದಲ್ಲಿ ಗೋಪ್ಯದ ಮಾತು ಕೆಲವೊಮ್ಮೆ ಅಧಿಕಾರದ ರಕ್ಷಣೆಯೇ ಆಗಿದ್ದುದನ್ನು ನಾವು ಕಂಡಿದ್ದೇವೆ. ಅಲ್ಲಿ ಕಟ್ಟನ್ನು ಬಿಚ್ಚಿಸಿದುದಕ್ಕಾಗಿ ನಮಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಪ್ರಶ್ನೆಯನ್ನೇ ಕೇಳಿಕೊಳ್ಳದೆ ಬಿಚ್ಚಿಸಿದ ಸಂದರ್ಭಗಳೂ ಇದ್ದವೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಅಣಙು ಭಾಷೆಯಲ್ಲಿ ‘ಕುಲಿನಿ’ ಎಂಬ ಕ್ರಿಯಾಪದವಿದೆ. ಆಲಿಸು ಎಂಬ ಅರ್ಥವೂ ಯೋಚಿಸು ಎಂಬ ಅರ್ಥವೂ ಅದಕ್ಕಿದೆ. ಕನ್ನಡದಲ್ಲಿ ‘ಕೇಳು’ ಎಂಬುದಕ್ಕೆ ಆಲಿಸು, ಪ್ರಶ್ನಿಸು ಎಂಬ ಎರಡರ್ಥಗಳಿವೆ. ‘ಹೇಳಿದ ಮಾತು ಕೇಳು’ ಎನ್ನುವಾಗ ವಿಧೇಯತೆಯ ಅರ್ಥವೂ ಸೇರುತ್ತದೆ. ಮುಟಿಚುಲು ಮಡುವಿನ ಬಳಿಗೆ ನಾವು ಕೇಳಲೆಂದೇ ಹೋಗಿದ್ದೆವು, ಪ್ರಶ್ನಿಸುವ ಅರ್ಥದಲ್ಲಿ. ಉಳಿದ ಅರ್ಥಗಳನ್ನು ಆ ಹಿರಿಯರು ನೆನಪಿಸಿಕೊಟ್ಟರು. ಅಂದಿನ ನಮ್ಮ ಟಿಪ್ಪಣಿಪುಸ್ತಕದಲ್ಲಿ ಕುನಿಯಳ ಕಥೆ ಅವರು ನಿಲ್ಲಿಸಿದ ಕಡೆಯಲ್ಲಿಯೇ ನಿಂತಿದೆ. ಅದರ ಕೆಳಗೆ ಅರ್ಧ ಪುಟ ಖಾಲಿಯಿದೆ. ಅದನ್ನು ಹಾಗೆಯೇ ಬಿಟ್ಟಿದ್ದೇವೆ.